ಸಹಾಯ ಬೇಕು: ಕೈಯಲ್ಲಿ ಮಾಡಿದ ಕಾಗದಕ್ಕೆ ಬೂಷ್ಟು ಬರ್ತಿದೆ

ನಮಸ್ಕಾರ, ನಾನು ಮಲ್ಪೆಯಿಂದ. ಹಳೇ ಪೇಪರ್, ಮಕ್ಕಳ ನೋಟ್‌ಬುಕ್ ಹಾಳೆ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಸೊಳ್ಳೆ ಪರದೆಯ ಚೌಕಟ್ಟಿನಲ್ಲಿ ಸೋಸಿ ಕಾಗದ ಮಾಡುತ್ತೇನೆ. ಅಷ್ಟಮಿಗೆ ಗೆಳತಿಯರಿಗೆ ಬುಕ್‌ಮಾರ್ಕ್, ಪುಟ್ಟ ಕಾರ್ಡ್ ಕೊಡೋಣ ಅಂತ.

ಬೇಸಿಗೆಯಲ್ಲಿ ಅಂಗಳದಲ್ಲಿಟ್ಟರೆ ಒಂದೇ ದಿನಕ್ಕೆ ಗರಿಗರಿ. ಈಗ ಆಟಿ ಮಳೆ. ಮೂರು ದಿನವಾದರೂ ತಣ್ಣಗೇ ಇದೆ, ಅಂಚಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಬೇರೆ. ಫ್ಯಾನ್ ಕೆಳಗಿಟ್ಟರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಇಸ್ತ್ರಿ ಹಾಕಿದೆ, ಬಟ್ಟೆಗೇ ಅಂಟಿಕೊಂಡಿತು. ಅದು ಗಂಡನ ಬಿಳಿ ಪಂಚೆ, ಮುಂದಿನ ಕತೆ ಬೇಡ!

ಪೆನ್ನಲ್ಲಿ ಬರೆದರೆ ಶಾಯಿ ಹರಡಬಾರದು ಅಂತ ರುಬ್ಬಿದ್ದಕ್ಕೆ ಸ್ವಲ್ಪ ಗಂಜಿ ತಿಳಿ ಸೇರಿಸುತ್ತೇನೆ. ಬೂಷ್ಟು ಬರೋದು ಅದರಿಂದಲಾ, ಅಥವಾ ಬರೀ ತೇವಕ್ಕಾ? ಗಂಜಿ ಬಿಟ್ಟರೆ ಅದರ ಬದಲು ಏನು ಹಾಕಲಿ?