ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಚಿಪ್ ಡ್ರೈವ್) ಹಾಕಿಸೋದಾ, ಹೊಸದೇ ತಗೊಳ್ಳೋದಾ? ಹಾಕಿಸಿದವರು ಹೇಳಿ

ಶಿವಮೊಗ್ಗದಿಂದ ಕೇಳಿದವರು: ತಂಗಿ ಡಿಗ್ರಿ ಓದುತ್ತಿದ್ದಾಳೆ. ಮನೆಯಲ್ಲಿ 2017ರ ಲ್ಯಾಪ್‌ಟಾಪ್ ಇದೆ. ಏಳನೇ ಜನರೇಷನ್ ಐ5, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಅಂಗಡಿಯವರು "ಇದರಲ್ಲಿ ಇನ್ನೇನೂ ಇಲ್ಲ, ಹೊಸದು ತಗೊಳ್ಳಿ" ಅಂದರು. ಅವಳಿಗೆ ಬೇಕಿರುವುದು ಬ್ರೌಸರ್, ವರ್ಡ್, ಆನ್‌ಲೈನ್ ಕ್ಲಾಸ್ ಅಷ್ಟೇ. ಏನು ಮಾಡಲಿ?

ಹುಬ್ಬಳ್ಳಿಯಿಂದ, ರಿಪೇರಿ ಕೆಲಸದವರು: ಹೊಸದು ಈಗಲೇ ಬೇಡ ಸರ್. ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಪುಟ ನೋಡಿ. ಡಿಸ್ಕ್ 100% ಅಂತ ನಿಂತುಬಿಟ್ಟಿದ್ದು, ಸಿಪಿಯು 15–20%ರಲ್ಲೇ ಇದ್ದರೆ ಪ್ರೊಸೆಸರ್‌ಗೆ ಕೆಲಸವೇ ಇಲ್ಲ ಅಂತ ಅರ್ಥ. ಡಿಸ್ಕ್‌ನಿಂದ ಡೇಟಾ ಬರಲಿ ಅಂತ ಸುಮ್ನೆ ಕಾಯುತ್ತಾ ಕೂತಿದೆ. ನನ್ನ ಹತ್ತಿರ ಬರುವ ಈ ವಯಸ್ಸಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ (ಡೇಟಾ ಓದುವ ಸೂಜಿಯಂಥ ಭಾಗ) ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಸರಿಯಾದ ಟ್ರ್ಯಾಕಿಗೆ ಸರಿಯೋಕೆ ಇನ್ನಷ್ಟು ಹೊತ್ತು. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲ್‌ಗಳನ್ನು ಓದುತ್ತದೆ, ಹೆಜ್ಜೆ ಹೆಜ್ಜೆಗೂ ಇದೇ ಕಾಯುವಿಕೆ. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು ಇವತ್ತಿನ ಲೆಕ್ಕದಲ್ಲಿ ಸುಮಾರು 3.75 ಎಂಬಿ, ತಿರುಗುತ್ತಿದ್ದದ್ದು ನಿಮಿಷಕ್ಕೆ 1200 ಸುತ್ತು. ನಿಮ್ಮ ಡಿಸ್ಕ್‌ನಲ್ಲಿ ಜಾಗ ಅದರ ಎರಡೂವರೆ ಲಕ್ಷ ಪಟ್ಟಿಗಿಂತ ಹೆಚ್ಚಿದೆ, ತಿರುಗುವ ವೇಗ ಮಾತ್ರ ನಾಲ್ಕೂವರೆ ಪಟ್ಟು! ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಕಾಯುವಿಕೆ 0.1 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿ ಹಾಕಿ ಅನ್ನುವುದು. ಹಳೇ ಡಿಸ್ಕ್ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ ಡ್ರೈವ್ ಸಾಕು, 256 ಜಿಬಿ ಆದರೂ ನಡೆಯುತ್ತದೆ.

ಬೆಂಗಳೂರಿನಿಂದ: ಎಂ.2 ಸ್ಲಾಟ್ (ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಇದೆಯಾ ನೋಡಿ. ಇದ್ದರೆ ತಕ್ಷಣ ಕೊಂಡುಬಿಡಬೇಡಿ. ನೋಡೋಕೆ ಒಂದೇ ಥರ ಇದ್ದರೂ ಕೆಲವು ಸ್ಲಾಟ್ ಸಾಟಾ ಮಾತ್ರ ಓದುತ್ತವೆ, ಕೆಲವು ಅದಕ್ಕಿಂತ ವೇಗದ ಎನ್‌ವಿಎಂಇ ಮಾತ್ರ. ಮಾಡೆಲ್ ನಂಬರ್ ಹಾಕಿ ಸರ್ವಿಸ್ ಮ್ಯಾನ್ಯುವಲ್ ಹುಡುಕಿದರೆ ಗೊತ್ತಾಗುತ್ತದೆ. ಡ್ರೈವ್ ಅಳತೆ 2280 ಅಂತ ಬರೆದಿದ್ದರೆ 22 ಮಿಮೀ ಅಗಲ, 80 ಮಿಮೀ ಉದ್ದ.

ಇಲ್ಲಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ಗೆ ಬಂದರೆ ಬಿಲ್ ಕೇಳಿ ತಗೊಳ್ಳಿ. ಡ್ರೈವ್ ಮೇಲಿನ ಸೀರಿಯಲ್ ನಂಬರ್ ಅನ್ನು ಅಲ್ಲೇ ನಿಂತು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ನೋಡಿ. ಹೆಸರೇ ಕೇಳಿರದ ಬ್ರ್ಯಾಂಡ್‌ನಲ್ಲಿ 2 ಟಿಬಿ ಚಿಲ್ಲರೆ ಕಾಸಿಗೆ ಸಿಕ್ಕರೆ ಅದು 2 ಟಿಬಿ ಆಗಿರುವುದಿಲ್ಲ.

ರ‍್ಯಾಮ್ 8 ಜಿಬಿ ಮಾಡಿ. 4 ಜಿಬಿಯಲ್ಲಿ ಬ್ರೌಸರ್ ಜೊತೆ ವಿಡಿಯೋ ಕ್ಲಾಸ್ ಕಷ್ಟ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ತುಂಬಾ ಏರಿತು. ಹಾಗಾಗಿ ರ‍್ಯಾಮ್ ಮಾತ್ರ ಸೆಕೆಂಡ್ ಹ್ಯಾಂಡ್ ನೋಡಿ. ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ, ರ‍್ಯಾಮ್‌ಗೆ ಆ ಸಮಸ್ಯೆ ಇಲ್ಲ. ಹಾಕಿದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಅನ್ನು ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ಬಂದರೂ ವಾಪಸ್ ಕೊಡಿ.

ಉಡುಪಿಯಿಂದ: ನೀವೇ ಬಿಚ್ಚುವುದಾದರೆ ಎರಡು ಮಾತು. ಹಿಂಬದಿಯ ರಬ್ಬರ್ ಪಟ್ಟಿ ಕೆಳಗೆ ಸ್ಕ್ರೂ ಅಡಗಿರುತ್ತವೆ. ಅವನ್ನು ತೆಗೆಯದೆ ಮುಚ್ಚಳ ಎಬ್ಬಿಸಿದರೆ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ. ಸ್ಕ್ರೂಗಳ ಉದ್ದವೂ ಒಂದೇ ಇರುವುದಿಲ್ಲ. ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಆಯಾ ಜಾಗದಲ್ಲಿ ಸೆಲ್ಲೋಟೇಪ್‌ನಿಂದ ಅಂಟಿಸಿಡಿ. ಉದ್ದದ್ದು ಗಿಡ್ಡ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆ ಉಬ್ಬುತ್ತದೆ.

ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಉಳಿದದ್ದು. ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ಚಪ್ಪಟೆ ಕೇಬಲ್‌ಗೆ ಕೆಲವು ಮಾಡೆಲ್‌ಗಳಲ್ಲಿ ಸಣ್ಣ ಕಪ್ಪು ಲಾಚ್ ಇರುತ್ತದೆ. ಅದನ್ನು ಉಗುರಿನಿಂದ ಮೇಲೆತ್ತಿ, ಕೇಬಲ್ ತಾನಾಗೇ ಸಡಿಲವಾಗುತ್ತದೆ. ಹಳೇ ಡಿಸ್ಕ್‌ಗೆ ಹಾಕಿರುವ ಲೋಹದ ಚೌಕಟ್ಟನ್ನು ಎಸ್‌ಎಸ್‌ಡಿಗೆ ಹಾಕಬೇಕು, ಎಸೆಯಬೇಡಿ.

ಮೈಸೂರಿನಿಂದ: ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿತು. ನೋಂದಾಯಿಸಿಕೊಂಡವರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್‌ನಿಂದ ಮುಂದಿನವು ಬೇಕು, ನಿಮ್ಮದು ಒಂದೇ ಮೆಟ್ಟಿಲು ಕೆಳಗೆ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಇಲ್ಲ. ನಮ್ಮ ಮನೆಯಲ್ಲಿ ಇಂಥದ್ದೇ ಯಂತ್ರಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆವು. ಕನ್ನಡ ಟೈಪಿಂಗ್, ವರ್ಡ್ ಬದಲಿಗೆ ಲಿಬ್ರೆ ಆಫೀಸ್, ವಿಡಿಯೋ ಕ್ಲಾಸ್ ಎಲ್ಲ ಚೆನ್ನಾಗಿ ನಡೆಯುತ್ತಿದೆ. ಕಾಲೇಜಿನವರು ವಿಂಡೋಸ್‌ನಲ್ಲೇ ಓಡುವ ಸಾಫ್ಟ್‌ವೇರ್ ಹೇಳಿದ್ದಾರಾ ಅಂತ ತಂಗಿಯನ್ನು ಮೊದಲೇ ಕೇಳಿ.

ಹಾಸನದಿಂದ: ಖರ್ಚು ಮಾಡುವ ಮುಂಚೆ ಬ್ಯಾಟರಿ, ಹಿಂಜ್ (ಸ್ಕ್ರೀನ್ ಮಡಚುವ ಕೀಲು) ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿರಬಹುದು. ಹಾಗಿದ್ದರೆ ಬಳಸುವುದನ್ನು ಇವತ್ತೇ ನಿಲ್ಲಿಸಿ, ಚಾರ್ಜ್‌ಗೂ ಹಾಕಬೇಡಿ. ಬ್ಯಾಟರಿ, ಹಿಂಜ್, ಎಸ್‌ಎಸ್‌ಡಿ, ರ‍್ಯಾಮ್ ನಾಲ್ಕೂ ಬೇಕು ಅಂತಾದರೆ ನಾನಂತೂ ಆ ದುಡ್ಡನ್ನು ಬೇರೆ ಲ್ಯಾಪ್‌ಟಾಪ್‌ಗೇ ಹಾಕುತ್ತೇನೆ.

ಶಿವಮೊಗ್ಗದವರು: ಬ್ಯಾಟರಿ, ಹಿಂಜ್ ಚೆನ್ನಾಗಿವೆ. ಡಿಸ್ಕ್ 100% ತೋರಿಸುತ್ತಿದೆ, ಆಗಾಗ ಟಕ್ ಟಕ್ ಸದ್ದೂ ಬರುತ್ತದೆ. ಅದರಲ್ಲಿ ಅಪ್ಪನ ಹಳೇ ಫೋಟೋಗಳಿವೆ.

ಹುಬ್ಬಳ್ಳಿಯವರು: ಸದ್ದು ಬರ್ತಿದೆ ಅಂದರೆ ಮಿಕ್ಕಿದ್ದೆಲ್ಲ ಆಮೇಲೆ ಸರ್. ಈಗಲೇ ಫೋಟೋಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಅವನ್ನೇ ಮೊದಲು, ಸಿನಿಮಾಗಳನ್ನು ಕೊನೆಗೆ. ಡಿಫ್ರ್ಯಾಗ್, ಸ್ಕ್ಯಾನ್ ಯಾವುದನ್ನೂ ಓಡಿಸಬೇಡಿ, ಸೋತಿರುವ ಡಿಸ್ಕ್‌ಗೆ ಅದು ಇನ್ನೂ ಭಾರ. ಕಾಪಿ ಮುಗಿದ ಮೇಲೆ ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂನಲ್ಲಿ, ಕೆಟ್ಟ ಜಾಗಗಳ ಲೆಕ್ಕ ಹೇಳುವ 05 ಮತ್ತು ಸಿ5 ಸಾಲುಗಳ 'ರಾ ವ್ಯಾಲ್ಯೂಸ್' ಕಾಲಂ ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ಕ್ಲೋನ್ (ಇಡೀ ಡಿಸ್ಕ್‌ನ ನಕಲು) ಮಾಡಿಸಬೇಡಿ, ಎಸ್‌ಎಸ್‌ಡಿಗೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿ. ಕಾಪಿ ಮಧ್ಯೆ ನಿಂತುಬಿಟ್ಟರೆ ಮತ್ತೆ ಮತ್ತೆ ಆನ್ ಮಾಡದೆ ಇಲ್ಲೇ ಬರೆಯಿರಿ, ನೋಡೋಣ.