ಪೈಲಿಂಗ್ ರಿಗ್ ನೋಡಲು ಎಕ್ಸ್‌ಕಾನ್‌ಗೆ ಹೊರಟಿದ್ದೇನೆ, ಹೋಗಿ ಬಂದವರು ಹೇಳಿ

ಹೊಸನಗರದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಬೋರ್‌ವೆಲ್ ಗಾಡಿ, ಒಂದು ಜೆಸಿಬಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಈಗ ನಮ್ಮ ಕಡೆ ಸಣ್ಣ ಸೇತುವೆ, ತಡೆಗೋಡೆ, ಗುಡ್ಡದ ಮೇಲಿನ ಹೋಂಸ್ಟೇ ಅಂತ ಪೈಲಿಂಗ್ (ಅಡಿಪಾಯಕ್ಕೆ ನೆಲದಲ್ಲಿ ಆಳವಾಗಿ ಕೊರೆದು ಕಾಂಕ್ರೀಟ್ ಕಂಬ ಹಾಕುವುದು) ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೆ ಕೊರೆಯುವ ಯಂತ್ರ, ಅಂದರೆ ರಿಗ್, ಎಲ್ಲ ಹೊರಗಿನಿಂದಲೇ ಬರುತ್ತಿವೆ. ನಾವೇ ಒಂದು ತಗೊಂಡರೆ ಹೇಗೆ ಅಂತ ಯೋಚನೆ. ಡಿಸೆಂಬರ್ 9ರಿಂದ 13ರವರೆಗೆ ಬೆಂಗಳೂರಿನ ಮಾದಾವರದ ಹತ್ತಿರದ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಎಕ್ಸ್‌ಕಾನ್ 2025, ಅಂದರೆ ನಿರ್ಮಾಣ ಯಂತ್ರಗಳ ಮೇಳ ಇದೆ. ನಾನು ಯಾವತ್ತೂ ಹೋದವನಲ್ಲ. ಎಷ್ಟು ದಿನ ಬೇಕು? ಏನು ನೋಡಬೇಕು, ಏನು ಕೇಳಬೇಕು? ಅಪ್ಪ "ಸುಮ್ನೆ ಯಾಕೆ, ಇರೋದನ್ನ ನೋಡ್ಕೋ" ಅನ್ನುತ್ತಿದ್ದಾರೆ.

ತೀರ್ಥಹಳ್ಳಿಯಿಂದ:

ಖಂಡಿತ ಹೋಗಿ ತಮ್ಮಾ. ಆದರೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮೂರಿನ ಮಣ್ಣು ತಗೊಂಡು ಹೋಗಿ. ನಿಜವಾಗಿಯೂ, ಕವರಿನಲ್ಲಿ ಕಟ್ಟಿಕೊಂಡು ಹೋಗಿ.

ನಾನು 2023ರ ಡಿಸೆಂಬರ್‌ನಲ್ಲಿ ಹೋಗಿದ್ದೆ. ಮೊದಲ ದಿನ ತಲೆ ಎತ್ತಿ ನೋಡುವುದರಲ್ಲೇ ಕಳೆಯಿತು. ರಿಗ್ಗಿನ ಮಾಸ್ಟ್ (ನೆಟ್ಟಗೆ ನಿಲ್ಲುವ ಕಂಬ) ಎದುರು ನಿಂತರೆ ಕುತ್ತಿಗೆ ನೋವು ಬರುತ್ತೆ, ಅಷ್ಟು ಎತ್ತರ. ಸ್ಟಾಲಿನವರು ಟಾರ್ಕ್ (ತಿರುಗಿಸುವ ಬಲ) ಇಷ್ಟು, ಆಳ ಇಷ್ಟು ಅಂತ ಹೇಳುತ್ತಾ ಹೋಗುತ್ತಾರೆ. ರಾತ್ರಿ ರೂಮಿನಲ್ಲಿ ಬ್ರೋಷರ್ ಎಲ್ಲ ಹರಡಿಕೊಂಡು ಕೂತರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಎರಡನೇ ದಿನ ಊರಿಂದ ತಂದಿದ್ದ ಶೇಡಿ ಮಣ್ಣಿನ ಹೆಂಟೆ ಜೇಬಿಗೆ ಹಾಕಿಕೊಂಡು ಹೋದೆ. ನಮ್ಮ ಸೈಟಿನಲ್ಲಿ ಮೇಲೆ ಮೂರು ನಾಲ್ಕು ಮೀಟರ್ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ, ಅದಕ್ಕೂ ಕೆಳಗೆ ಕೊಳೆತ ಕಲ್ಲು, ನಡುನಡುವೆ ಗಟ್ಟಿ ಗುಂಡುಕಲ್ಲು. ನಿಮ್ಮ ಕಡೆಯೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಒಂದು ಸ್ಟಾಲಿನ ಎಂಜಿನಿಯರ್ ಹೆಂಟೆಯನ್ನು ಕೈಯಲ್ಲಿ ಒತ್ತಿ ನೋಡಿ, "ಗಟ್ಟಿ ಜೇಡಿ, ಸಾದಾ ಆಗರ್ ಸಾಕು" ಅಂದರು. ಆಗರ್ ಅಂದರೆ ತಿರುಪಿನ ಹಾಗೆ ಮಣ್ಣು ಕೊರೆಯುವ ಸಾಧನ. ನಾನು ಒಂದು ಚೂರು ಮುರಿದು ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಹಾಕಿದೆ. ಒಣಗಿದ್ದಾಗ ಉಗುರು ಇಳಿಯದ ಹೆಂಟೆ, ನಾವು ಮಾತಾಡುತ್ತಿರುವಾಗಲೇ ಅಂಚಿನಿಂದ ಉದುರುತ್ತಾ ಬಂತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಗಂಜಿಯ ಹಾಗೆ ಕೂತಿತು. ಅವರು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿ, "ನೀರು ಎಷ್ಟು ಮೀಟರಿಗೆ ಸಿಗುತ್ತೆ?" ಅಂತ ಕೇಳಿದರು. ಮಾತು ನಿಜವಾಗಿ ಶುರುವಾಗಿದ್ದು ಅಲ್ಲಿಂದ. ಗೋಡೆ ಕುಸಿಯದಂತೆ ಇಳಿಸುವ ಕೊಳವೆ, ಅಂದರೆ ಕೇಸಿಂಗ್ ಎಷ್ಟು ಮೀಟರ್ ಬೇಕು, ಅದನ್ನು ರಿಗ್ಗೇ ತಿರುಗಿಸಿ ಇಳಿಸುತ್ತಾ, ಗೋಡೆ ಹಿಡಿದು ನಿಲ್ಲಿಸಲು ಗುಂಡಿಗೆ ತುಂಬುವ ನೀರಿಗೆ ಬೆಂಟೊನೈಟ್ ಜೇಡಿ ಬೇಕಾ, ಪಾಲಿಮರ್ ಸಾಕಾ, ಎಲ್ಲ ಮುಕ್ಕಾಲು ಗಂಟೆ ಕೂತು ವಿವರಿಸಿದರು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅದರ ಹಿಂದಿನ ವರ್ಷ ಒಂದು ಬಾಡಿಗೆ ರಿಗ್ ತರಿಸಿ ಕೈ ಸುಟ್ಟುಕೊಂಡಿದ್ದೆ. ಎಂಟು ಮೀಟರಿನವರೆಗೆ ಬೆಣ್ಣೆಯ ಹಾಗೆ ಇಳಿಯಿತು. ಒಂಬತ್ತಕ್ಕೆ ಗುಂಡು ಸಿಕ್ಕಿತು. ಕೊರೆಯುವ ಬಕೆಟ್ಟಿನ ಹಲ್ಲು ಅರ್ಧ ದಿನಕ್ಕೆ ಸವೆದು ಹೋದವು, ಬೇರೆ ಸೆಟ್ ಇರಲಿಲ್ಲ. ಗುಂಡಿ ಹಾಗೇ ಬಿಟ್ಟು ಮಲಗಿದೆವು. ರಾತ್ರಿ ನೀರು ಜಿನುಗಿ ಶೇಡಿಯ ಗೋಡೆ ಒಳಗೇ ಕುಸಿದಿತ್ತು. ಬೆಳಿಗ್ಗೆ ಹಗ್ಗ ಬಿಟ್ಟು ಅಳೆದರೆ ಆರೂವರೆ ಮೀಟರ್. ಹಲ್ಲು ಬರುವ ಹೊತ್ತಿಗೆ ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಹೋಯಿತು. ಸೀಲ್ ಕಿಟ್ ಬರುವವರೆಗೆ ಎಂಟು ದಿನ ರಿಗ್ ನಿಂತಿತು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಕೇಜ್ (ಪೈಲ್ ಒಳಗಿನ ಕಬ್ಬಿಣದ ಹಂದರ) ಕಟ್ಟಿದ ಹುಡುಗರಿಗೆ ಕೂಲಿ ಕೊಡಲು ಮನೆಯವಳ ಬಳೆ ಅಡವಿಟ್ಟೆ. ಇದು ನಿಮಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅದಕ್ಕೇ ಸ್ಟಾಲಿನಲ್ಲಿ ದೊಡ್ಡ ಯಂತ್ರಕ್ಕಿಂತ ಮೊದಲು ಹಲ್ಲು ನೋಡಿ. ಕಲ್ಲಿಗೆ ಹಾಕುವ ಬುಲೆಟ್ ಹಲ್ಲು ಮೊಂಡ ಪೆನ್ಸಿಲ್ಲಿನ ಹಾಗೆ ಇರುತ್ತೆ, ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್. ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಹೋಲ್ಡರ್ ಒಳಗೆ ಸಲೀಸಾಗಿ ತಿರುಗಬೇಕು. ತಿರುಗಿದರೆ ಸುತ್ತಲೂ ಸಮ ಸವೆಯುತ್ತೆ. ಮಣ್ಣು ತುಂಬಿ ಕಚ್ಚಿಕೊಂಡರೆ ಒಂದೇ ಪಕ್ಕ ಸವೆದು ಬೇಗ ಮುಗಿಯುತ್ತೆ. ಜಂಬಿಟ್ಟಿಗೆಯ ಅಂಟು ಮಣ್ಣಿನಲ್ಲಿ ಇದೇ ತೊಂದರೆ, ದಿನಾ ಸಂಜೆ ನೀರು ಹೊಡೆದು ತೊಳೆಯಲೇಬೇಕು. ಒಂದು ಹಲ್ಲಿಗೆ ಎಷ್ಟು ರೇಟು, ಶಿವಮೊಗ್ಗದಲ್ಲಿ ಸಿಗುತ್ತಾ, ಹುಬ್ಬಳ್ಳಿಯಿಂದ ಬರಬೇಕಾ ಕೇಳಿ.

ಇನ್ನೊಂದು, ಕೆಲ್ಲಿ, ಅಂದರೆ ಬಕೆಟ್ಟನ್ನು ತಿರುಗಿಸುತ್ತಾ ಕೆಳಗಿಳಿಸುವ, ಒಂದರೊಳಗೊಂದು ಸೇರುವ ಉದ್ದ ಸರಳು. ಬ್ರೋಷರಿನಲ್ಲಿ 50 ಮೀಟರ್ ಆಳ ಅಂತ ಇದ್ದರೆ ಅದು ಯಾವ ಕೆಲ್ಲಿ ಹಾಕಿದಾಗ ಅಂತ ಕೇಳಲೇಬೇಕು. ಫ್ರಿಕ್ಷನ್ ಕೆಲ್ಲಿ ಹಗುರ, ಆಳಕ್ಕೆ ಹೋಗುತ್ತೆ, ಆದರೆ ಗಟ್ಟಿ ಪದರಕ್ಕೆ ಒತ್ತಡ ಸಾಲದು. ಇಂಟರ್‌ಲಾಕಿಂಗ್ ಕೆಲ್ಲಿ ಬೀಗ ಹಾಕಿಕೊಂಡು ಒತ್ತುತ್ತೆ, ನಮ್ಮ ಕಲ್ಲಿಗೆ ಅದೇ ಬೇಕು. ಆದರೆ ಆಪರೇಟರ್ ಬೀಗ ಬಿಡಿಸದೆ ಎತ್ತಿದರೆ ಕೆಲ್ಲಿ ಹಾಳು. ಹಾಗಾಗಿ ಪಳಗಿದ ಆಪರೇಟರ್ ಯಾರು, ಅವನು ಹಬ್ಬಕ್ಕೆ ಊರಿಗೆ ಹೋದರೆ ಬದಲಿ ಯಾರು, ಅದನ್ನೂ ಅಲ್ಲೇ ಕೇಳಿ.

ಸಾಗರದಿಂದ:

ತೀರ್ಥಹಳ್ಳಿ ಅಣ್ಣ ಯಂತ್ರದ ವಿಷಯ ಎಲ್ಲ ಹೇಳಿದ್ದಾರೆ. ನಾನು ದುಡ್ಡಿನ ಮಾತು ಹೇಳುತ್ತೇನೆ.

ನಮ್ಮ ಕೆಲಸದ ವರ್ಷ ದೀಪಾವಳಿ ಕಳೆದ ಮೇಲೆ ಶುರು, ಮೇ ಕೊನೆಗೆ ಮುಗಿಯಿತು. ಜೂನ್ ಹಿಡಿದರೆ ಸೈಟಿಗೆ ಲಾರಿಯೇ ಹೋಗುವುದಿಲ್ಲ. ಆರೇಳು ತಿಂಗಳ ದುಡಿಮೆಗೆ ಹನ್ನೆರಡು ತಿಂಗಳ ಕಂತು. ಬಯಲುಸೀಮೆಯವರ ಲೆಕ್ಕ ನೋಡಿ ನಾವು ಯಂತ್ರ ತಗೊಂಡರೆ ಮುಳುಗುತ್ತೇವೆ. ಎಕ್ಸ್‌ಕಾನ್‌ನಲ್ಲಿ ಬ್ಯಾಂಕು, ಫೈನಾನ್ಸಿನವರ ಸ್ಟಾಲೂ ಇರುತ್ತೆ. ಮಳೆಗಾಲದ ನಾಲ್ಕು ತಿಂಗಳು ಕಂತು ಇಳಿಸಿ, ಬೇಸಿಗೆಯಲ್ಲಿ ಏರಿಸಿ ಕೊಡುತ್ತೀರಾ ಅಂತ ನೇರ ಕೇಳಿ. ನಾನು ಹಿಟಾಚಿ ತಗೊಳ್ಳುವಾಗ ಕೇಳಿದ್ದಕ್ಕೆ ಒಬ್ಬರು ಒಪ್ಪಿದರು. ಆಗಸ್ಟ್‌ನಲ್ಲಿ ಫೋನ್ ಬಂದಾಗ ಎದೆ ಹೊಡೆದುಕೊಳ್ಳುವುದು ನಿಂತಿತು.

ಆಮೇಲೆ ರಸ್ತೆ. ಮಧ್ಯಮ ಗಾತ್ರದ ರಿಗ್ ಅಂದರೆ 40ರಿಂದ 60 ಟನ್. ಅದನ್ನು ಲೋ ಬೆಡ್ ಟ್ರೈಲರ್ ಮೇಲೆ ಸಾಗಿಸಬೇಕು. ಆಗುಂಬೆ ಘಾಟಿಯ ತಿರುವಿನಲ್ಲಿ ಅದರ ಆಸೆಯೇ ಬೇಡ. ನಮ್ಮ ಹಳ್ಳಿ ರಸ್ತೆಯ ಮೋರಿಗಳು ಆ ಭಾರ ತಡೆಯುತ್ತವಾ? ಬಿಚ್ಚಿ ಸಾಗಿಸಿದರೆ ಎಷ್ಟು ಲೋಡು, ಮತ್ತೆ ಜೋಡಿಸಲು ಕ್ರೇನ್ ಬೇಕಾ, ಎಷ್ಟು ದಿನ, ಇದೆಲ್ಲ ಬರೆದುಕೊಂಡು ಬನ್ನಿ.

ಕೆಲಸ ಬರುತ್ತೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತಲ್ಲ, 2.44 ಕಿಲೋಮೀಟರ್. ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗ ವರ್ಷಗಟ್ಟಲೆ ಆ ಕಂಬಗಳು ಏಳುವುದನ್ನು ನೋಡಿದ್ದೇವೆ. ಅಂಥ ದೊಡ್ಡ ಕೆಲಸ ನಮ್ಮ ಕೈಗೆ ಬರುವುದಿಲ್ಲ, ಸರಿ. ಆದರೆ ಪ್ರತಿ ಮಳೆಗಾಲ ಧರೆ ಕುಸಿಯುತ್ತಲೇ ಇದೆ. ತಡೆಗೋಡೆ ಕೆಲಸ ಇದ್ದೇ ಇರುತ್ತೆ.

ಶಿವಮೊಗ್ಗದಿಂದ:

ನಾನು ಸಿವಿಲ್ ಎಂಜಿನಿಯರ್, ಹದಿನಾಲ್ಕು ವರ್ಷದಿಂದ ಅಡಿಪಾಯದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮಣ್ಣಿನ ಹೆಂಟೆ ಒಳ್ಳೆಯ ಉಪಾಯ, ಜೊತೆಗೆ ಬೋರ್ ಲಾಗ್ (ಎಷ್ಟು ಆಳಕ್ಕೆ ಯಾವ ಮಣ್ಣು ಸಿಕ್ಕಿತು ಅನ್ನುವ ದಾಖಲೆ) ಕೂಡ ಒಯ್ಯಿರಿ. ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕಿಲೋ ಸುತ್ತಿಗೆ 75 ಸೆಂಟಿಮೀಟರ್ ಮೇಲಿಂದ ಬೀಳುತ್ತೆ, 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಆ ಎಣಿಕೆ ಪ್ರತಿ ಆಳಕ್ಕೂ ಲಾಗ್‌ನಲ್ಲಿ ಇರುತ್ತೆ. ಅದನ್ನು ತೋರಿಸಿದರೆ ಸ್ಟಾಲಿನವರು ಅಂದಾಜಿನ ಮೇಲೆ ಮಾತಾಡಲು ಆಗುವುದಿಲ್ಲ.

ಒಂದು ಮಾತು ಮನಸ್ಸಿಟ್ಟು ಕೇಳಿ. ಬೋರ್‌ವೆಲ್‌ನಲ್ಲಿ ನೀರು ಬಂದರೆ ಮುಗಿಯಿತು, ತಳದಲ್ಲಿ ಸ್ವಲ್ಪ ಕೆಸರು ಉಳಿದರೂ ನಡೆಯುತ್ತೆ. ಪೈಲ್‌ನಲ್ಲಿ ತಳವೇ ಭಾರ ಹೊರಬೇಕು. ಒಂದು ಅಡಿ ಕೆಸರು ಬಿಟ್ಟು ಕಾಂಕ್ರೀಟ್ ಸುರಿದರೆ ಕಂಬ ಕಲ್ಲಿನ ಮೇಲೆ ಕೂರುವುದಿಲ್ಲ, ಕೆಸರಿನ ಮೇಲೆ ಕೂರುತ್ತೆ. ಅದು ಮೇಲಿಂದ ಯಾರಿಗೂ ಕಾಣುವುದಿಲ್ಲ. ನಾನು ಸೈಟಿನಲ್ಲಿ ಎಷ್ಟೋ ಸಲ ಕೇಜ್ ಮೇಲೆತ್ತಿಸಿ ಮತ್ತೆ ತಳ ತೊಳೆಸಿದ್ದೇನೆ, ಬೈಸಿಕೊಂಡಿದ್ದೇನೆ. ಹಾಗಾಗಿ ಕ್ಲೀನಿಂಗ್ ಬಕೆಟ್, ತಳದಿಂದ ಕಾಂಕ್ರೀಟ್ ತುಂಬುವ ಟ್ರೆಮಿ ಪೈಪು, ಬೆಂಟೊನೈಟ್ ಟ್ಯಾಂಕು, ಪಂಪು ಇವೆಲ್ಲ ಸೇರಿಸಿಯೇ ರೇಟು ಕೇಳಿ. ಬರೀ ರಿಗ್ಗಿನ ರೇಟು ಹಿಡಿದು ಲೆಕ್ಕ ಹಾಕಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಮೊದಲು ದೊಡ್ಡ ರೋಟರಿ ರಿಗ್ ಕಡೆ ಹೋಗಬೇಡಿ. ಮೈಕ್ರೋಪೈಲ್ ಯಂತ್ರಗಳನ್ನು ನೋಡಿ. 300 ಮಿಲಿಮೀಟರಿಗಿಂತ ಸಣ್ಣ ರಂಧ್ರ, ಒಳಗೆ ಕಬ್ಬಿಣ, ಸುತ್ತ ಸಿಮೆಂಟ್ ಗ್ರೌಟ್. ಕಂಪ್ರೆಸರ್, ಹ್ಯಾಮರ್, ಬಿಟ್ ಎಲ್ಲ ನಿಮ್ಮ ಕೈಗೆ ಗೊತ್ತಿರುವ ಸಾಮಾನು. ಹ್ಯಾಮರ್ ಜೊತೆಗೇ ಕೇಸಿಂಗ್ ಇಳಿಯುವ ಪದ್ಧತಿ ಇದೆ, ಮೇಲೆ ಸಡಿಲ ಮಣ್ಣು, ನಡುವೆ ಗುಂಡು ಇರುವ ನಮ್ಮ ಗುಡ್ಡಗಳಿಗೆ ಹೇಳಿ ಮಾಡಿಸಿದ್ದು. ಯಂತ್ರ ಸಣ್ಣದು, ತೋಟದ ರಸ್ತೆಯಲ್ಲೂ ಹೋಗುತ್ತೆ. ಧರೆ ಹಿಡಿದು ನಿಲ್ಲಿಸುವ ಕೆಲಸಕ್ಕೆ ಬಹಳ ಕಡೆ ಇದೇ ಸಾಕು.

ಜೆಸಿಬಿ ಬದಲಾಯಿಸುವ ಯೋಚನೆ ಇದ್ದರೆ ಒಂದು ವಿಷಯ. 2025ರ ಜನವರಿಯಿಂದ ಚಕ್ರದ ಯಂತ್ರಗಳಿಗೆ ಸಿಇವಿ 5 ಹೊಗೆ ನಿಯಮ ಬಂದಿದೆ. ಹೊಸ ಎಂಜಿನ್‌ನಲ್ಲಿ ಫಿಲ್ಟರ್, ಸೆನ್ಸರ್ ಜಾಸ್ತಿ. ಕ್ಯಾನಿನಲ್ಲಿ ತಂದ ಕೊಳೆ ಡೀಸೆಲ್ ಅದಕ್ಕೆ ಆಗಿಬರುವುದಿಲ್ಲ.

ಹೊಸನಗರದಿಂದ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೈಕ್ರೋಪೈಲ್ ವಿಷಯ ನನಗೆ ಹೊಳೆದೇ ಇರಲಿಲ್ಲ ಮೇಡಂ. ಎಷ್ಟು ದಿನ ಇಟ್ಟುಕೊಳ್ಳಲಿ, ಎಲ್ಲಿ ಇಳಿಯಲಿ ಅಂತ ಹೇಳಿಬಿಡಿ.

ತೀರ್ಥಹಳ್ಳಿಯಿಂದ:

ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ನೋಡಲು, ಇನ್ನೊಂದು ದಿನ ಕೂತು ಮಾತಾಡಲು. ಬಸ್ಸಾದರೆ ಸಿಟಿ ಒಳಗೆ ಹೋಗಬೇಡಿ, ತುಮಕೂರು ರಸ್ತೆಯಲ್ಲಿ ಮಾದಾವರದ ಹತ್ತಿರವೇ ಇಳಿಸಿ ಅಂತ ಕಂಡಕ್ಟರಿಗೆ ಹೇಳಿ. ರೈಲಾದರೆ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ. 2024ರ ನವೆಂಬರ್‌ನಿಂದ ಅದು ಮಾದಾವರದವರೆಗೂ ಹೋಗುತ್ತೆ. ನಾನು ಹೋದಾಗ ಈ ಅನುಕೂಲ ಇರಲಿಲ್ಲ. ಅಲ್ಲಿ ನಿಮ್ಮ ಹಾಗೆ ನೋಡಲು ಬಂದ ಕಾಂಟ್ರಾಕ್ಟರುಗಳ ಜೊತೆ ಚಹಾ ಕುಡಿಯಿರಿ. ಅದೇ ಯಂತ್ರ ಇಟ್ಟುಕೊಂಡವರು ಸಿಕ್ಕರೆ ಫೋನ್ ನಂಬರ್ ಬಿಡಬೇಡಿ. ಅಡ್ವಾನ್ಸ್ ಮಾತ್ರ ಅಲ್ಲಿ ಕೊಡಬೇಡಿ, ಎಷ್ಟೇ ಒತ್ತಾಯ ಮಾಡಲಿ.

ಹೊಸನಗರದಿಂದ:

ಇವತ್ತು ಬೆಳಿಗ್ಗೆ ಕುಸಿದ ಧರೆ ಹತ್ತಿರ ಹೋಗಿ ಮೂರು ಕವರ್ ಮಣ್ಣು ತಂದೆ. ಅಪ್ಪನೂ ಜೊತೆಗೆ ಬಂದಿದ್ದರು. ಅವರೇ ಪೆನ್ನಿನಲ್ಲಿ ಮೇಲೆ, ನಡು, ಬುಡ ಅಂತ ಬರೆದು ಕಟ್ಟಿದರು. ಬುಡದ್ದು ಇನ್ನೂ ಒದ್ದೆ ಇದೆ. ಒಣಗಿಸಲಾ, ಹಾಗೇ ಒಯ್ಯಲಾ?

ತೀರ್ಥಹಳ್ಳಿಯಿಂದ:

ಎರಡು ಪಾಲು ಮಾಡಿ. ಒಂದನ್ನು ನೆರಳಲ್ಲಿ ಒಣಗಿಸಿ. ಇನ್ನೊಂದಕ್ಕೆ ಎರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿ, ಒದ್ದೆ ಇರುವ ಹಾಗೇ ಒಯ್ಯಿರಿ.