‘ಹೆರಿಗೆಯಿಂದ ರಕ್ಷಣೆ’: ಈ ‘ಇಂದ’ಕ್ಕೆ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದು ವಿಭಕ್ತಿ ಪ್ರತ್ಯಯ ನನ್ನ ತಲೆ ತಿನ್ನುತ್ತಿದೆ.

‘ಮಳೆಯಿಂದ ರಕ್ಷಣೆ’ ಅಂದರೆ ಮಳೆ ತಾಗದ ಹಾಗೆ ಕಾಯುವುದು. ‘ಸೊಳ್ಳೆಯಿಂದ ರಕ್ಷಣೆ’ ಅಂದರೂ ಅಷ್ಟೇ. ಹಾಗಾದರೆ ‘ಹೆರಿಗೆಯಿಂದ ರಕ್ಷಣೆ’? ಬಸುರಾಗದ ಹಾಗೆ ನೋಡಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ, ಅಲ್ವಾ? ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಒಂದು ವಚನವನ್ನು (1 ತಿಮೊಥೆಯ 2:15) ಕನ್ನಡದಲ್ಲಿ ಬಿಡಿಸಿ ಹೇಳಲು ಹೋಗಿ ನಾನು ಸಿಕ್ಕಿಬಿದ್ದದ್ದು ಇಲ್ಲೇ. ಮೂಲದ ಗ್ರೀಕ್ ಮಾತುಗಳನ್ನು ಒಂದೊಂದಾಗಿ ಇಟ್ಟರೆ ಹೀಗೆ ಬರುತ್ತದೆ: ‘ಆದರೆ ಉಳಿಸಲ್ಪಡುವಳು, ಹೆರುವುದರ ಮೂಲಕ, ಅವರು ನಂಬಿಕೆ, ಪ್ರೀತಿ, ಪಾವನತೆಗಳಲ್ಲಿ ಹತೋಟಿಯೊಡನೆ ನೆಲೆಸಿದರೆ.’

ಇದನ್ನು ನಾವು ಕೆಲವರು ಕೂತು ಓದುತ್ತಿದ್ದಾಗ ಮಕ್ಕಳಿಲ್ಲದ ಒಬ್ಬ ಅಕ್ಕ ನಕ್ಕು ಕೇಳಿದರು, “ಹಾಗಾದ್ರೆ ಈ ವಚನ ಓದೋವಾಗ ನಾನು ಎದ್ದು ಹೊರಗೆ ಹೋಗ್ಲಾ?” ಯಾರೂ ನಗಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಅದಕ್ಕೇ ಈ ಓಲೆ.

ಮೊದಲು ‘ಮೂಲಕ’. ಗ್ರೀಕಿನಲ್ಲಿ ಇರುವ ಮಾತು ‘ದಿಯಾ’. ಅದಕ್ಕೆ ‘ಇದರ ಬಲದಿಂದ’ ಎನ್ನುವ ಅರ್ಥವೂ ಇದೆ, ‘ಇದನ್ನು ಹಾಯ್ದು’ ಎನ್ನುವ ಅರ್ಥವೂ ಇದೆ. 1 ಕೊರಿಂಥ 3:15ರಲ್ಲಿ ಒಬ್ಬ ಕಟ್ಟಿದ್ದೆಲ್ಲ ಸುಟ್ಟುಹೋದರೂ ಅವನು ‘ಬೆಂಕಿಯ ಮೂಲಕ ಎಂಬಂತೆ’ ಉಳಿಯುತ್ತಾನೆ ಅಂತಿದೆ. ಅಲ್ಲಿಯೂ ಅದೇ ಕ್ರಿಯಾಪದ, ಅದೇ ‘ದಿಯಾ’. ಬೆಂಕಿ ಅವನನ್ನು ಕಾಪಾಡಿತು ಅಂತ ಅಲ್ಲಿ ಯಾರೂ ಓದುವುದಿಲ್ಲ. ಬೆಂಕಿಯನ್ನು ಹಾಯ್ದು ಈಚೆ ಬಂದ, ಅಷ್ಟೆ. ಹೆರಿಗೆಯನ್ನೂ ಹಾಗೇ ಓದಬಹುದಲ್ಲ? ಹೆರುವ ನೋವು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 3:16ರಲ್ಲಿ ಹೆಣ್ಣಿಗೆ ಶಿಕ್ಷೆಯಾಗಿ ಬಂದದ್ದು. ತಿಮೊಥೆಯದ ಈ ವಚನಕ್ಕೆ ಸ್ವಲ್ಪ ಹಿಂದೆ ಆದಾಮ, ಹವ್ವರ ಮಾತೇ ನಡೆದಿದೆ. ಆ ನೋವನ್ನು ದಾಟಿಯೂ ಅವಳಿಗೆ ಉಳಿವುಂಟು ಅಂದ ಹಾಗಾಗುತ್ತದೆ. ನನಗೆ ಹಿಡಿಸಿದ್ದು ಇದು.

ಇನ್ನು ‘ಉಳಿ’, ‘ರಕ್ಷಣೆ’. ಗ್ರೀಕಿನ ‘ಸೋಜೋ’ ಕಾಯಿಲೆ ವಾಸಿಯಾಗುವುದಕ್ಕೂ ಬರುತ್ತದೆ, ಪಾಪದಿಂದ ಬಿಡುಗಡೆಗೂ ಬರುತ್ತದೆ. ಮಾರ್ಕ 5:34ರಲ್ಲಿ ರಕ್ತ ಹೋಗುತ್ತಿದ್ದ ಹೆಂಗಸಿಗೆ ಯೇಸು ಹೇಳುವ ಮಾತಿನಲ್ಲಿ ಇದೇ ಪದವಿದೆ. ಕನ್ನಡದಲ್ಲಿ ನಾವು ‘ತಾಯಿ ಮಗು ಇಬ್ರೂ ಉಳಿದ್ರು’ ಅಂತೀವಲ್ಲ, ಆ ‘ಉಳಿ’ ಇದಕ್ಕೆ ತುಂಬಾ ಹತ್ತಿರ. ‘ರಕ್ಷಣೆ ಹೊಂದಿದವರು’ ಅಂದ ತಕ್ಷಣ ಮಾತ್ರ ಕ್ರೈಸ್ತ ಸಭೆಯ ವಾಸನೆ ಬಂದುಬಿಡುತ್ತದೆ. ಹಾಗಂತ ‘ಹೆರಿಗೆಯಲ್ಲಿ ಜೀವ ಉಳಿಯುತ್ತದೆ’ ಅಂತಷ್ಟೇ ಓದಲು ನನಗೆ ಧೈರ್ಯವಿಲ್ಲ. ರಾಹೇಲಳು ಹೆತ್ತು ಸತ್ತ ಕಥೆ ಆದಿಕಾಂಡ 35ರಲ್ಲೇ ಇದೆ. ನಂಬಿಕೆಯಿದ್ದೂ ಹೆರಿಗೆಯಲ್ಲಿ ಸತ್ತವರು ಎಷ್ಟೋ ಜನ. ಜೊತೆಗೆ ಇದೇ ಪತ್ರದ 1:15, 2:4ರಲ್ಲಿ ‘ಸೋಜೋ’ ಬಂದಿರುವುದು ಪಾಪದಿಂದ ಬಿಡಿಸುವ ಅರ್ಥದಲ್ಲೇ.

‘ಹೆರುವುದು’ ಅನ್ನುವುದಕ್ಕೆ ಇಲ್ಲಿರುವ ಪದ ‘ತೆಕ್ನೊಗೊನಿಯಾ’. ಹೊಸ ಒಡಂಬಡಿಕೆಯಲ್ಲಿ ಈ ನಾಮಪದ ಬರುವುದು ಇದೊಂದೇ ಕಡೆ. ಅದರ ಕ್ರಿಯಾಪದ 5:14ರಲ್ಲಿದೆ. ಮಕ್ಕಳನ್ನು ಸಾಕುವುದಕ್ಕೆ 5:10ರಲ್ಲಿ ಬೇರೆಯೇ ಪದವಿದೆ. ಆದರೂ 4ನೇ ಶತಮಾನದ ಕ್ರೈಸ್ತ ಬೋಧಕ ಕ್ರಿಸೊಸ್ತೊಮ್ ಇದನ್ನು ಮಕ್ಕಳನ್ನು ಬೆಳೆಸುವುದು ಅಂತಲೇ ಓದಿದ. ಇನ್ನು ಕೆಲವರು, ಪದಕ್ಕೆ ಮುಂಚೆ ಒಂದು ನಿರ್ದೇಶಕ (ಇಂಗ್ಲಿಷಿನ ‘the’ಯಂಥ ಮಾತು) ಇದೆಯಲ್ಲ, ಹಾಗಾಗಿ ಇದು ‘ಆ ಒಂದು ಹೆರಿಗೆ’, ಅಂದರೆ ಮರಿಯಳು ಯೇಸುವನ್ನು ಹೆತ್ತದ್ದು ಅನ್ನುತ್ತಾರೆ. ಚೆಂದದ ಓದು. ಆದರೆ ಗ್ರೀಕಿನಲ್ಲಿ ಇಂಥ ಭಾವನಾಮಗಳಿಗೆ ಮುಂಚೆ ನಿರ್ದೇಶಕ ಸುಮ್ನೆ ಬರುವುದೂ ಉಂಟು. ಅಷ್ಟು ಚಿಕ್ಕ ಗೂಟಕ್ಕೆ ಇಷ್ಟು ದೊಡ್ಡ ಎತ್ತನ್ನು ಕಟ್ಟುವುದು ಕಷ್ಟ.

ಪತ್ರ ಎಫೆಸ ಪಟ್ಟಣಕ್ಕೆ ಸೇರಿದ್ದು, ಅಲ್ಲಿ ಹೆರುವವರು ಕೂಗಿ ಕರೆಯುತ್ತಿದ್ದ ಆರ್ತೆಮಿಸ್ ದೇವಿಯ ದೊಡ್ಡ ಗುಡಿ ಇತ್ತು, ಅದಕ್ಕೆ ಇದು ಉತ್ತರ ಅನ್ನುವವರೂ ಇದ್ದಾರೆ. ಅದಕ್ಕಿಂತ ನನಗೆ 4:3 ಗಟ್ಟಿ ಅನ್ನಿಸುತ್ತದೆ. ಮದುವೆಯೇ ಬೇಡ ಎಂದು ಕಲಿಸುವವರ ಬಗ್ಗೆ ಅಲ್ಲಿ ನೇರವಾಗಿ ಹೇಳಿದೆ. ಹೆರುವುದು ನಿನ್ನ ಉಳಿವಿಗೆ ಅಡ್ಡಿಯಲ್ಲ ಅನ್ನುವ ಮಾತು ಅಂಥವರ ನಡುವೆ ಬೇಕಾಗಿಯೇ ಇರುತ್ತದೆ. ಹೀಗೆ ಓದಿದರೆ ಹೆರದವಳನ್ನು ಹೊರಗೆ ಹಾಕಿದ ಹಾಗೂ ಆಗುವುದಿಲ್ಲ.

ಕೊನೆಗೆ ‘ಅವಳು’ ಮತ್ತು ‘ಅವರು’. ಗ್ರೀಕಿನ ಮೊದಲ ಕ್ರಿಯಾಪದ ಏಕವಚನ, ಎರಡನೆಯದು ಬಹುವಚನ. ಈ ‘ಅವರು’ ಯಾರು? ಹೆಂಗಸರೆಲ್ಲರಾ? ಮಕ್ಕಳಾ? ಗಂಡ ಹೆಂಡತಿಯಾ? ಕ್ರಿಸೊಸ್ತೊಮ್ ಮಕ್ಕಳು ಅಂದ. ಕನ್ನಡಕ್ಕೆ ಬಂದರೆ ಒಂದು ತಮಾಷೆ ಇದೆ. ‘ನೆಲೆಸಿದರೆ’ ಅನ್ನುವಾಗ ನಮಗೆ ಏಕವಚನವೂ ಗೊತ್ತಾಗುವುದಿಲ್ಲ, ಬಹುವಚನವೂ ಗೊತ್ತಾಗುವುದಿಲ್ಲ. ಗೋಜಲೇ ಮಾಯ! ಹೋಗಲಿ, ‘ಅವರು’ ಅಂತ ಸೇರಿಸೋಣ ಅಂದರೆ, ಓದುವವರು ಅದನ್ನು ಆಕೆಗೇ ಕೊಟ್ಟ ಮರ್ಯಾದೆ ಅಂದುಕೊಳ್ಳಬಹುದು. ‘ಅವರೆಲ್ಲ’ ಅಂದರೆ ನಾನೇ ಏನೋ ಸೇರಿಸಿದ ಹಾಗೆ.

ಸದ್ಯಕ್ಕೆ ನಾನು ಬರೆದುಕೊಂಡಿರುವುದು: ‘ಆದರೂ ಹೆರಿಗೆಯನ್ನು ಹಾಯ್ದು ಉಳಿಯುವಳು, ಅವರು ನಂಬಿಕೆಯಲ್ಲಿ…’ ‘ಹಾಯ್ದು’ ಈಗಿನವರ ಕಿವಿಗೆ ಹಳೆಯದಾಗಿ ಕೇಳಿಸುತ್ತದಾ? ‘ದಾಟಿ’ ಹಾಕಿ ನೋಡಿದೆ. ಹೆರಿಗೆಯ ದಿನ ದಾಟಿತು ಅನ್ನುವ ಹಾಗಾಯಿತು. ‘ಹೆರುತ್ತ ಉಳಿಯುವಳು’ ಅಂದರೆ ಹೆರುತ್ತಲೇ ಇರುತ್ತಾಳೆ ಅಂತಾಗಿ ಇನ್ನೂ ಕೆಟ್ಟಿತು. ‘ಬಲದಿಂದ’, ‘ಹಾಯ್ದು’ ಎರಡೂ ಅರ್ಥ ಹೊರುವ ಬೇರೆ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ಮುಂದಿನ ಸಲ ಕೂತಾಗ ಆ ಅಕ್ಕನಿಗೆ ಓದಿ ಹೇಳಬೇಕು.